ಫ್ರೆಂಚ್ ಹಾರ್ನ್: ಸ್ಲರ್ ನಡುವ ಗಂಟು ಬೀಳ್ತದ, ಮ್ಯಾಲಿನ ಜಿ ದಾಟಂಗಿಲ್ಲ

ತೊಗರಿಕಣಜ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ಹಾರ್ನ್ ಊದೋರು ಯಾರರ ಇದ್ರ ಜರಾ ದಾರಿ ತೋರಸ್ರಿ. ವಾದ್ಯ ಎಫ್ ಮತ್ತು ಬಿ-ಫ್ಲಾಟ್ ಎರಡೂ ಕೊಳವಿ ಇರೋ ಡಬಲ್ ಹಾರ್ನ್, ಸೆಕೆಂಡ್ ಹ್ಯಾಂಡ್. ಮೊದಲು ಆರು ವರ್ಷ ಟ್ರಂಪೆಟ್, ಹಾರ್ನ್ ಹಿಡಿದು ಎಂಟು ತಿಂಗಳು.

ತೊಂದರಿ ಎರಡು ಅವ. ಒಂದು ಸ್ಲರ್, ಅಂದ್ರ ನಾಲಗಿ ತಾಗಿಸದ ಒಂದು ಸ್ವರದಿಂದ ಇನ್ನೊಂದಕ್ಕ ಹೋಗೋದು. ಎಫ್ ಕಡೆ ವಾಲ್ವ್ ಒತ್ತದ ಸ್ವರಲಿಪಿಯ ಐದು ಗೆರಿಯೊಳಗ ಎರಡನೇ ಗೆರಿ ಜಿ ಇಂದ ಮೂರನೇ ಸಂದಿನ ಸಿ ಗೆ ಒಂದೇ ಉಸಿರಿನ್ಯಾಗ ಹೋಗುವಾಗ ನಡುವ ಗಂಟು ಬೀಳ್ತದ. ಒಮ್ಮೊಮ್ಮೆ ಸ್ವರ ಕಟ್ ಆಗ್ತದ, ಒಮ್ಮೊಮ್ಮೆ ಬಿ-ಫ್ಲಾಟ್ ಒಂದು ಇಣುಕಿ ಹೋಗ್ತದ. ನಿಧಾನ ಮಾಡಿದಷ್ಟೂ ಜಾಸ್ತಿ.

ಎರಡನೇದು ಎತ್ತರದ ಸ್ವರ. ಐದು ಗೆರಿ ಮ್ಯಾಲ ಕೂತ ಜಿ ತನಕ ಹ್ಯಾಂಗೋ ಮುಟ್ಟತೀನಿ. ಅದರ ಮ್ಯಾಲಿನ ಎ ಅಂದ್ರ ಬರೇ ಗಾಳಿ. ಇಪ್ಪತ್ತು ನಿಮಿಷಕ್ಕ ತುಟಿ ಜೋಮು ಹಿಡೀತದ, ಮೇಲ್ತುಟಿ ಮ್ಯಾಲಿನ ಉಂಗುರದ ಗುರುತು ಅರ್ಧ ತಾಸು ಹೋಗಂಗಿಲ್ಲ. ಅದರ ಮ್ಯಾಲ ಏಪ್ರಿಲ್ ಬಂತಂದ್ರ ಇಡೀ ವಾದ್ಯನೇ ಶ್ರುತಿ ಏರಿ ಕೂಡ್ತದ.

ಸಣ್ಣ ಮೌತ್‌ಪೀಸ್ ಹಾಕ್ರಿ, ಮ್ಯಾಲಿನ ಸ್ವರ ತಾವೇ ಬರ್ತಾವ ಅಂತ ಅಂಗಡಿಯವರು ಅಂತಾರ. ಖರೇ ಏನ್ರಿ?

ಬಿದ್ರಿಕೊಂಬು, ಬೀದರ್

ಅಂಗಡಿ ಮಾತು ಸದ್ಯ ಬದಿಗಿಡ್ರಿ. ಗಂಟು ಯಾವ ಜಾತಿದು ಅಂತ ಮೊದಲು ಗುರುತಿಸಬೇಕು. ಫೋನ್ ಎರಡು ಮೀಟರ್ ದೂರ ಇಟ್ಟು ಅದೇ ಜಿ–ಸಿ ಸ್ಲರ್ ಹತ್ತು ಸಲ ರೆಕಾರ್ಡ್ ಮಾಡ್ರಿ, ಅರ್ಧ ವೇಗಕ್ಕ ಇಳಿಸಿ ಕೇಳ್ರಿ. ಜಿ ಸತ್ತು ಸಿ ಹುಟ್ಟೋದ್ರೊಳಗ ಖಾಲಿ ಜಾಗ ಕೇಳಿಸಿದ್ರ ಉಸಿರು ನಿಂತದ ಅಂತ ಅರ್ಥ. ಖಾಲಿ ಇಲ್ಲ, ನಡುವ ಬ್ಯಾರೆ ಸ್ವರ ಒದರತದ ಅಂದ್ರ ನಾಲಗಿ, ತುಟಿ ತಡ ಮಾಡಿ ಹೊಂಟಾವ. ಸಿ ಗುದ್ದಿದಂಗ ಹುಟ್ಟಿದ್ರ ಎಡಗೈ ಮೌತ್‌ಪೀಸ್ ಒತ್ತಿ ಸ್ವರ ಎತ್ತಲಿಕ್ಕ ಹೊಂಟದ. ನಿಮಗ ಮೂರೂ ಕೂಡಿ ಇರಬೇಕು ಅಂತ ನನ್ನ ಅಂದಾಜು, ಆ ಉಂಗುರದ ಗುರುತು ನೋಡಿದ್ರ ಮೂರನೇದಂತೂ ಗ್ಯಾರಂಟಿ.

ಬಿ-ಫ್ಲಾಟ್ ಎಲ್ಲಿಂದ ಬಂತು ಅನ್ನೋದು ಸರಗಮ್ ಗೊತ್ತಿದ್ದವರಿಗೆ ಜಲ್ದಿ ತಿಳೀತದ. ಬರೆದ ಸಿ ಅನ್ನ ಸಾ ಅಂತ ಹಿಡೀರಿ. ಎಫ್ ಕಡೆ ಕೊಳವಿ ಸುಮಾರು 3.7 ಮೀಟರ್ ಉದ್ದ. ವಾಲ್ವ್ ಮುಟ್ಟದ ಊದಿದ್ರ ಅದರಾಗ ಸಿಗೋ ಮೆಟ್ಟಿಲು ಹಿಂಗ: 4ನೇದು ಸಾ, 5 ಗ, 6 ಪ, 7 ಕೋಮಲ ನಿ (ಅದೂ ಜರಾ ಇಳಿದದ್ದು), 8 ಮತ್ತ ಸಾ. ನೀವು 6ರಿಂದ 8ಕ್ಕ ಜಿಗೀತೀರಿ, ನಡುವ 7 ಬಾಯಿ ತೆರಕೊಂಡು ಕೂತದ. ಕಾಲು ತಡ ಆದ್ರ ಅದರಾಗ ಸಿಗಬೀಳ್ತದ. ಅದೇ ನಿಮ್ಮ ಬಿ-ಫ್ಲಾಟ್.

8ರ ಮ್ಯಾಲ ಇನ್ನೂ ಇಕ್ಕಟ್ಟು. 9 ರೇ, 10 ಗ, 11 ಶುದ್ಧ ಮ ಮತ್ತು ತೀವ್ರ ಮ ಎರಡರ ನಡುವ ಎಲ್ಲೋ, 12 ಪ, ಹಿಂಗ ಹೋಗಿ 16ಕ್ಕ ತಾರ ಸಾ. ಒಂದೇ ಸಪ್ತಕದಾಗ ಎಂಟು ಮೆಟ್ಟಿಲು! ಟ್ರಂಪೆಟ್‌ನ್ಯಾಗ ದಿನಾ ಆಡೋದು 2ರಿಂದ 8ರ ಒಳಗ, ಮೆಟ್ಟಿಲು ಅಗಲ, ಕಾಲು ಜಾರಿದ್ರೂ ನಡೀತದ. ಹಾರ್ನಿನಾಗ ಹಂಗಿಲ್ಲ. ಟ್ರಂಪೆಟ್‌ನಿಂದ ಬಂದವರಿಗೆ ಇದು ಸಿಟ್ಟು ಬರಸೋ ಜಾಗ.

ಬಿ-ಫ್ಲಾಟ್ ಕಡೆ ಇರೋದೇ ಇದಕ್ಕ. ಅಲ್ಲಿ ಕೊಳವಿ ಸುಮಾರು 2.75 ಮೀಟರ್. ಐದು ಗೆರಿ ಮ್ಯಾಲಿನ ಜಿ ಎಫ್ ಕಡೆ 12ನೇ ಮೆಟ್ಟಿಲು, ಬಿ-ಫ್ಲಾಟ್ ಕಡೆ 9ನೇದು. ತಾರ ಸಿ 16ರ ಬದಲಿ 12. ಎರಡನೇ ಗೆರಿ ಜಿ-ಶಾರ್ಪ್‌ನಿಂದ ಮ್ಯಾಲಕ್ಕ ಹೆಬ್ಬೆರಳಿನ ವಾಲ್ವ್ ಒತ್ತಿ ಬಿ-ಫ್ಲಾಟ್ ಕಡೆ ಹೋಗೋದು ರೂಢಿ. ಕೆಲವು ವಾದ್ಯದಾಗ ಉಲ್ಟಾ ಕಟ್ಟಿರತಾರ, ಒತ್ತಿದ್ರ ಎಫ್ ಬರ್ತದ, ನೋಡ್ಕೋರಿ. ಕಚೇರಿಗೆ, ಪ್ರಾರ್ಥನೆಗೆ, ಮೆರವಣಿಗಿಗೆ ಈ ನಿಯಮ. ಸ್ಲರ್ ಅಭ್ಯಾಸ ಮಾತ್ರ ಎಫ್ ಕಡೆನೇ ಮಾಡ್ರಿ. ಇಕ್ಕಟ್ಟಿನ ಏಣಿ ಹತ್ತೋದು ಕಲಿತ ಕಾಲು ಅಗಲ ಏಣಿ ಮ್ಯಾಲ ತಾನೇ ಓಡ್ತದ.

ನಾಲ್ಕನೇ ಕುರ್ಚಿ

ಮೇಲಿನವರು ರೋಗ ಹೇಳಿದ್ದಾರೆ, ನಾನು ಪಥ್ಯ ಬರೆಯುತ್ತೇನೆ.

ಮೇಲಿನ ಸ್ವರ ಹುಟ್ಟುವುದು ಕೆಳಗಿನ ಸ್ವರದ ಕೊನೆಯ ಅರ್ಧ ಮಾತ್ರೆಯಲ್ಲಿ. ಹೆಚ್ಚಿನವರು ಜಿಗಿತ ಹತ್ತಿರ ಬಂದಂತೆ ಹೆದರಿ ಉಸಿರನ್ನು ಸಣ್ಣದು ಮಾಡುತ್ತಾರೆ, ಮೇಲೆ ಹೋದ ಮೇಲೆ ಒಮ್ಮೆಲೇ ತಳ್ಳುತ್ತಾರೆ. ಆಗ ಮೊದಲು ಕಡಿತ, ಆಮೇಲೆ ಗುದ್ದು. ಮಾಡಬೇಕಾದ್ದು ತಿರುಗಾ ಮುರುಗಾ: ಕೆಳಗಿನ ಸ್ವರ ಮುಗಿಯುತ್ತ ಬಂದಂತೆ ತುಸು ದೊಡ್ಡದಾಗಬೇಕು, ಮೇಲಿನದು ತುಸು ಸಣ್ಣದಾಗಿ ಹುಟ್ಟಬೇಕು. ಕೇಳುವವರಿಗೆ ಎರಡೂ ಸಮನಾಗಿ ಕೇಳುತ್ತವೆ.

ಮೆಟ್ರೊನೋಮ್ (ತಾಳ ಬಡಿಯುವ ಯಂತ್ರ) ನಿಮಿಷಕ್ಕೆ 60. ಎಫ್ ಕಡೆ, ವಾಲ್ವ್ ಇಲ್ಲದೆ. ಮೊದಲು ವಾದ್ಯ ಕೆಳಗಿಟ್ಟು ಸಾ–ಪ ಹಾಡಿ, ನಡುವೆ ಉಸಿರು ಕಡಿಯದಂತೆ. ನಂತರ ಊದಿ: ನಾಲ್ಕು ಮಾತ್ರೆ ನಡು ಸಿ, ನಾಲ್ಕನೇ ಮಾತ್ರೆಯಲ್ಲಿ ಉಸಿರು ಬೆಳೆಸುತ್ತ, ಐದನೇ ಮಾತ್ರೆಗೆ ಸರಿಯಾಗಿ ನಾಲಗೆಯ ಬೆನ್ನನ್ನು ‘ಆ’ ಇಂದ ‘ಈ’ ಗೆ ಎತ್ತಿ. ನಾಲಗೆಯ ತುದಿ ಮೇಲೆ ತಾಗಬಾರದು, ತಾಗಿದರೆ ಅದು ಸ್ಲರ್ ಅಲ್ಲ. ಜಿ ಬರುತ್ತದೆ. ಅದನ್ನು ನಾಲ್ಕು ಮಾತ್ರೆ ಹಿಡಿದು ಅದೇ ಉಸಿರಿನಲ್ಲಿ ಕೆಳಗಿಳಿಯಿರಿ. ನಡುವೆ 5ನೇ ಮೆಟ್ಟಿಲಾದ ಗ ಕೇಳಿಸಿದರೆ ನಾಲಗೆ ಸೋಮಾರಿ. ಸಾ–ಪ ಐದು ಸಲ ಸತತ ಸ್ವಚ್ಛ ಬಂದ ಮೇಲೆ ಗ–ಸಾ, ಅದಾದ ಮೇಲೆ ನಿಮ್ಮ ಪ–ಸಾ. ಆಮೇಲೆ 2ನೇ ವಾಲ್ವ್, 1ನೇ ವಾಲ್ವ್, 1-2 ಕೂಡಿಸಿ, 2-3 ಕೂಡಿಸಿ ಒತ್ತಿ ಅದನ್ನೇ. ದಿನಕ್ಕೆ ಹತ್ತು ನಿಮಿಷ ಸಾಕು.

ಇಳಿಯುವ ಸ್ಲರ್ ಸುಲಭ ಅಂದುಕೊಳ್ಳಬೇಡಿ. ಇಳಿಯುವಾಗ ದವಡೆ ಒಮ್ಮೆಲೇ ಜೋತು ಬೀಳುತ್ತದೆ, ಸ್ವರ ಬಾವಿಗೆ ಬಿದ್ದ ಕೊಡದಂತೆ ಗುಡುಗುತ್ತದೆ. ತುಟಿಯ ಎರಡು ಮೂಲೆ ಬಿಗಿಯಾಗಿಯೇ ಇರಲಿ, ‘ಈ’ ಇಂದ ‘ಎ’ ತನಕ ಮಾತ್ರ ಬನ್ನಿ, ‘ಆ’ ಗೆ ಬರಬೇಡಿ.

ಹಿಂದೂಸ್ತಾನಿ ಕಿವಿ ಇರುವವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಸ್ಲರ್ ಅಂದರೆ ಮೀಂಡ್ ಅಂದುಕೊಂಡು ತುಟಿಯಲ್ಲಿ ಎಳೆಯುತ್ತಾರೆ. ಮೀಂಡ್‌ನಲ್ಲಿ ನಡುವಿನ ಶ್ರುತಿಗಳೇ ಸೊಗಸು. ಹಾರ್ನ್ ಸ್ಲರ್‌ನಲ್ಲಿ ನಡುವೆ ಏನೂ ಕೇಳಬಾರದು, ಉಸಿರು ಎಣ್ಣೆಯ ಧಾರೆಯಂತೆ, ಸ್ವರ ಮಾತ್ರ ತಟ್ಟನೆ ಬದಲು. ಮೊಜಾರ್ಟ್ 1780ರ ದಶಕದಲ್ಲಿ ಹಾರ್ನ್ ಕನ್ಚೆರ್ಟೊಗಳನ್ನು ಬರೆಯುವಾಗ ಈ ವಾದ್ಯಕ್ಕೆ ವಾಲ್ವ್‌ಗಳೇ ಇರಲಿಲ್ಲ, ವಾಲ್ವ್ ಬಂದದ್ದು 1810ರ ದಶಕದಲ್ಲಿ. ಬರೀ ತುಟಿ, ನಾಲಗೆ, ಉಸಿರು ಮತ್ತು ಗಂಟೆಯೊಳಗಿನ (ವಾದ್ಯದ ಅಗಲ ಬಾಯೊಳಗಿನ) ಬಲಗೈ, ಅಷ್ಟರಲ್ಲೇ ಆ ಸ್ಲರ್‌ಗಳೆಲ್ಲ ಆಗುತ್ತಿದ್ದವು.

ಇನ್ನು ಎತ್ತರ. ಬಿ-ಫ್ಲಾಟ್ ಕಡೆ ಹೆಬ್ಬೆರಳು ಒತ್ತಿಕೊಂಡೇ 6, 8, 10, 12ನೇ ಮೆಟ್ಟಿಲು ಹತ್ತಿ, ಅಂದರೆ ಪ–ಸಾ–ಗ–ಪ (ಇಲ್ಲಿ ಸಾ ಅಂದರೆ ಬರೆದ ಸಿ ಅಲ್ಲ, ಒತ್ತಿದ ಕೊಳವೆಯ 8ನೇ ಮೆಟ್ಟಿಲು). ಮೊದಲು 2-3 ವಾಲ್ವ್, ತುದಿಯಲ್ಲಿ ಎ-ಫ್ಲಾಟ್ ಸಿಗುತ್ತದೆ. ಬಳಿಕ 1-2 ಒತ್ತಿದರೆ ತುದಿ ಎ, 1 ಒತ್ತಿದರೆ ಬಿ-ಫ್ಲಾಟ್, 2ಕ್ಕೆ ಬಿ, ಏನೂ ಒತ್ತದಿದ್ದರೆ ತಾರ ಸಿ. ನಿಮಗೆ ಬರದ ಎ ಅನ್ನು ನೀವು ವಾಲ್ವ್ ಒತ್ತದೆ ಹುಡುಕುತ್ತಿದ್ದೀರೇನೋ ನೋಡಿ. ಹಾಗೆ ಹುಡುಕಿದರೆ ಅದು 10ನೇ ಮೆಟ್ಟಿಲು, ತುಸು ಇಳಿದದ್ದು. 1-2 ಒತ್ತಿದರೆ 12ನೇದು, ಶ್ರುತಿ ಸರಿ. ಒಂದು ಬೆರಳಿಗೆ ಮೂರು ಸಲ, ಪ್ರತಿ ಸಲ ಊದಿದಷ್ಟೇ ಹೊತ್ತು ವಿಶ್ರಾಂತಿ. ಎ-ಫ್ಲಾಟ್ ಮೆತ್ತಗೆ ಬರುವ ತನಕ ಎ ಮುಟ್ಟಬೇಡಿ. ಜೋರಾಗಿ ಮಾತ್ರ ಬರುವ ಸ್ವರವನ್ನು ನಿಮ್ಮದು ಅಂತ ಲೆಕ್ಕ ಹಾಕಬೇಡಿ.

ತೊಗರಿಕಣಜ

ಎ ಮಾತು ಖರೇ ಅದ ಸರ್, ಖಾಲಿನೇ ಹುಡುಕತಿದ್ದೆ. ರೆಕಾರ್ಡಿಂಗ್‌ನ್ಯಾಗ ಹತ್ತರಾಗ ಆರು ಸಲ ಖಾಲಿ ಜಾಗ, ಮೂರು ಸಲ ಬಿ-ಫ್ಲಾಟ್. ಒತ್ತೋದು ಬಿಡೋದು ಹ್ಯಾಂಗ? ಒತ್ತದಿದ್ರ ಮ್ಯಾಲಿನ ಸ್ವರ ಬರೋದೇ ಇಲ್ಲ.

ಬಿದ್ರಿಕೊಂಬು, ಬೀದರ್

ಕಿರುಬೆರಳು ಕೊಕ್ಕಿಯಿಂದ ತಗೀರಿ, ಎಡ ಅಂಗೈ ಸಡಿಲ ಬಿಡ್ರಿ, ಗಂಟೆ ಅಂಚು ಬಲ ತೊಡಿ ಮ್ಯಾಲ ಕೂಡ್ಲಿ. ಆ ಸ್ಥಿತಿಯೊಳಗ ಎಷ್ಟು ಎತ್ತರ ಹೋಗ್ತೀರೋ ಅದೇ ನಿಮ್ಮ ಇವತ್ತಿನ ಅಸಲು ಎತ್ತರ. ಉಳಿದದ್ದು ಎಡಗೈ ಸಾಲ ಕೊಟ್ಟದ್ದು.

ತುಟಿ ಕಡೆ ಬಂದ್ರ, ಟ್ರಂಪೆಟ್‌ನ್ಯಾಗ ಮೌತ್‌ಪೀಸ್ ಮ್ಯಾಲ ತೆಳಗ ಹೆಚ್ಚು ಕಡಿಮಿ ಅರ್ಧರ್ಧ ಕೂಡ್ತದ. ಹಾರ್ನಿಗೆ ಸಾಮಾನ್ಯ ರೂಢಿ ಮೇಲ್ತುಟಿ ಮೂರರಾಗ ಎರಡು ಪಾಲು, ಕೆಳತುಟಿ ಒಂದು ಪಾಲು. ಟ್ರಂಪೆಟ್ ನೇರ ಮುಂದಕ್ಕ ಚಾಚಿ ಹಿಡೀತೀರಿ. ಹಾರ್ನಿನ ಮೌತ್‌ಪೀಸ್ ಕೊಳವಿ ಜರಾ ತೆಳಗ ಇಳಿಜಾರು ಇರಬೇಕು. ನೇರ ಹಿಡಿದ್ರ ಒತ್ತಡ ಎಲ್ಲಾ ಮೇಲ್ತುಟಿಗೆ. ನಿಮ್ಮ ಉಂಗುರ ಮೇಲ್ತುಟಿ ಮ್ಯಾಲ ಅದ ಅಂದ್ರಲ್ಲ, ನನಗ ಮೊದಲ ಅನುಮಾನ ಇದೇ. ಕನ್ನಡಿ ಮುಂದ ಕೂತು ನೋಡ್ರಿ. ಗದ್ದ ಚಪ್ಪಟಿ ಇರಬೇಕು. ನಿಂಬಿಹಣ್ಣಿನ ಸಿಪ್ಪಿ ಹಂಗ ಗುಳಿ ಗುಳಿ ಆಗಿದ್ರ ಕೆಳತುಟಿ ಮ್ಯಾಲಕ್ಕ ತಳ್ಳೀರಿ, ತುಟಿ ನಡುವಿನ ಸಂದು ಮುಚ್ಚಿ ಹೋಗ್ತದ. ‘ಎ ಅಂದ್ರ ಬರೇ ಗಾಳಿ’ ಅಂದ್ರಲ್ಲ, ಅದು ಸಂದು ಭಾಳ ಅಗಲ ಆದಾಗ. ಗಾಳಿನೂ ಬರದ ಮುಕ್ಕಿದಂಗ ಆದ್ರ ಸಂದು ಮುಚ್ಚೇದ. ಎರಡಕ್ಕೂ ಮದ್ದು ಮೂಲಿ ಬಿಗಿ ಮಾಡಿ ನಡುವಿನ ತುಟಿ ಮುಂದಕ್ಕ ತರೋದು, ಹಿಂದಕ್ಕ ನಗು ಎಳಿಯೋದಲ್ಲ.

ಬಲಗೈ ಎಲ್ಲರೂ ಮರೀತಾರ. ತೀರ್ಥಕ್ಕ ಕೈ ಒಡ್ಡಿದಂಗ ಅಂಗೈ ಬಟ್ಟಲು ಮಾಡ್ರಿ, ಬೆರಳ ನಡುವ ಸಂದಿ ಬ್ಯಾಡ, ಹೆಬ್ಬೆರಳು ಪಕ್ಕಕ್ಕ ಅಂಟಿಸಿ. ಬೆರಳಿನ ಬೆನ್ನು ಗಂಟೆ ಒಳಗೋಡಿಗೆ ತಾಗಲಿ. ಈಗ ಮ್ಯಾಲಿನ ಜಿ ಊದತಾ ಕೈ ನಿಧಾನ ಹೊರಗ ತಗೀರಿ: ಶ್ರುತಿ ಏರ್ತದ, ಸ್ವರ ಹಿಡಿತ ತಪ್ಪಿ ಅಲ್ಲಾಡ್ತದ. ಒಳಗ ತುರುಕಿದ್ರ ಇಳೀತದ, ದನಿ ಮುಸುಕು ಹಾಕ್ಕೊಂತದ. ನಡುವ ಒಂದು ಜಾಗದಾಗ ಸ್ವರ ಗಚ್ಚಾಗಿ ಕೂಡ್ತದ. ಗಂಟೆಯಿಂದ ಹೊರಗ ಓಡಿ ಹೋಗೋ ಎತ್ತರದ ಕಂಪನಗಳನ್ನ ಕೈ ವಾಪಸ್ ಒಳಗ ಕಳಸ್ತದ, ಅದಕ್ಕ ಮ್ಯಾಲಿನ ಮೆಟ್ಟಿಲು ಗಟ್ಟಿ. ಮೆರವಣಿಗಿಯೊಳಗ ವಾದ್ಯ ಎತ್ತಿ ಹಿಡಿದು ಬಲಗೈ ಗಂಟೆ ಅಂಚಿಗೆ ಕೊಟ್ಟವರಿಗೆ ಮ್ಯಾಲಿನ ಸ್ವರ ಒಡಿಯೋದು ಇದಕ್ಕೇ.

ಶಹಾಪುರದ ಸ್ಕ್ರೂಡ್ರೈವರ್

ಎಲ್ಲಾರೂ ಮನುಷ್ಯಾನ ರಿಪೇರಿ ಮಾಡ್ಲಿಕತ್ತೀರಿ, ವಾದ್ಯ ಯಾರೂ ನೋಡವಲ್ರಿ. ಸೆಕೆಂಡ್ ಹ್ಯಾಂಡ್ ಅಂದ ಮ್ಯಾಲ ಮೊದಲು ಸೋರಿಕಿ ನೋಡಬೇಕು. ಸೋರೋ ವಾಲ್ವ್ ಇದ್ರ ಎತ್ತರದ ಸ್ವರ ಎಷ್ಟು ಸಾಧನೆ ಮಾಡಿದ್ರೂ ಸೊರಗೇ ಇರತಾವ.

ವಾಲ್ವ್ ಒತ್ತದ ಅದರ ಸ್ಲೈಡ್ (ಹೊರಗ ಎಳಿಯೋ ಕೊಳವಿ) ಎರಡು ಇಂಚು ಹೊರಗ ಎಳೀರಿ, ಹಂಗೇ ಹಿಡಕೊಂಡು ಐದು ಎಣಿಸ್ರಿ, ಆಮ್ಯಾಲ ವಾಲ್ವ್ ಒತ್ರಿ. ‘ಟಪ್’ ಅಂತ ಬಾಟ್ಲಿ ಬಿರಡಿ ತಗದಂಗ ಶಬ್ದ ಬಂದ್ರ ಛಲೋ. ಬರಲಿಲ್ಲಂದ್ರ ಗಾಳಿ ಸೋರಿ ಹೋಗೇದ: ಸ್ಲೈಡ್ ಸಡಿಲ ಇರಬೇಕು, ಇಲ್ಲ ರೋಟರ್ (ವಾಲ್ವಿನೊಳಗ ತಿರುಗೋ ಭಾಗ) ಸವೆದಿರಬೇಕು. ಸ್ಲೈಡಿಗೆ ದಪ್ಪ ಗ್ರೀಸ್ ಹಚ್ಚಿ ಮತ್ತ ನೋಡ್ರಿ. ಆಗ ಟಪ್ ಅಂದ್ರ ಸ್ಲೈಡಿನ ತಪ್ಪು, ಆಗ್ಲೂ ಇಲ್ಲಂದ್ರ ರೋಟರ್.

ಆಮ್ಯಾಲ ಜೋಡಣಿ. ವಾಲ್ವಿನ ಹಿಂದಿನ ಮುಚ್ಚಳ ತಿರುಗಿಸಿ ತಗೀರಿ. ಒಳಗ ರೋಟರಿನ ತುದಿ ಮ್ಯಾಲ ಒಂದು ಗೀರು, ಸುತ್ತಲಿನ ಬಿಲ್ಲಿ ಮ್ಯಾಲ ಎರಡು ಗೀರು ಕಾಣ್ತಾವ. ಬಿಟ್ಟಾಗ ಒಂದರ ನೇರಕ್ಕ, ಒತ್ತಿದಾಗ ಇನ್ನೊಂದರ ನೇರಕ್ಕ ಬರೋಬರಿ ನಿಲ್ಲಬೇಕು. ಕೂದಲಷ್ಟು ಹೆಚ್ಚುಕಮ್ಮಿ ಆದ್ರೂ ಕೊಳವಿ ಒಳಗ ಹೊಸ್ತಿಲು ಎದ್ದಂಗ, ಸ್ಲರ್ ಅಲ್ಲೇ ಎಡವತದ. ಕಾರಣ ಹೆಚ್ಚಾಗಿ ಮ್ಯಾಲಿನ ಕಡೆ ಇರೋ ಬಿರಡಿ ತುಂಡು ಒಣಗಿ ಸವೆದಿರ್ತದ. ಅದು ಬದಲಿಸಲಿಕ್ಕ ಹೈದರಾಬಾದಿಗೆ ಒಯ್ಯೋದು ಬ್ಯಾಡ. ಹೊಸ ಬಿರಡಿ ಜರಾ ದೊಡ್ಡದೇ ಹಾಕಿ, ಬ್ಲೇಡಿನಿಂದ ಸಣ್ಣ ಸಣ್ಣ ಚಕ್ಕಿ ಕೊರೀತಾ ಗೀರು ಕೂಡೋ ತನಕ ಬರ್ರಿ. ಒಮ್ಮೆ ಜಾಸ್ತಿ ಕೊರೆದ್ರ ಮತ್ತೊಂದು ಬಿರಡಿ. ರೋಟರ್ ಮಾತ್ರ ಮನ್ಯಾಗ ಬಿಚ್ಚಬ್ಯಾಡ್ರಿ.

ಎಣ್ಣಿ ವಿಷಯ ಕೈ ಮುಗೀತೀನಿ, ಕೊಬ್ಬರಿ ಎಣ್ಣಿ ಹಾಕಬ್ಯಾಡ್ರಿ. ಡಿಸೆಂಬರ್ ಬೆಳಿಗ್ಗಿ ಬಾಟ್ಲಿಯೊಳಗ ಹ್ಯಾಂಗ ಹೆಪ್ಪಗಟ್ಟತದೋ ರೋಟರಿನ್ಯಾಗೂ ಹಂಗೇ, ಕ್ಯಾರಲ್ ಶುರು ಆಗೋ ಹೊತ್ತಿಗೆ ವಾಲ್ವ್ ಮರದ ಕೊರಡು. ರೋಟರ್ ಎಣ್ಣಿ ಸ್ಲೈಡ್ ತಗದ ಕೊಳವಿಯೊಳಗಿಂದ ಮೂರು ಹನಿ, ದಪ್ಪ ಬೇರಿಂಗ್ ಎಣ್ಣಿ ಹಿಂದಿನ ಮುಚ್ಚಳದ ಒಳಗ ನಡುವಿನ ಗುಂಡಿಗೆ ಒಂದು ಹನಿ, ಮುಂದಿನ ಕಡ್ಡಿ ಬುಡಕ್ಕ ಒಂದು. ಹೊಲಿಗಿ ಮಷಿನ್ ಎಣ್ಣಿ ಲಿವರ್ ಕೀಲಿಗೆ ನಡೀತದ, ಒಳಗ ಬ್ಯಾಡ.

ನೀರು. ನಮ್ಮ ಬೋರಿನ ನೀರು ಗಡುಸು, ಕುಕ್ಕರಿನ್ಯಾಗ ಬಿಳಿ ಪದರ ಕಟ್ಟಂಗ ಕೊಳವಿಯೊಳಗೂ ಕಟ್ಟತದ. ಮೌತ್‌ಪೀಸ್ ಕೂಡೋ ಮೊದಲ ಕೊಳವಿ ತಿಂಗಳಿಗೊಮ್ಮೆ ಫಿಲ್ಟರ್ ನೀರು ಉಗುರುಬೆಚ್ಚಗ ಮಾಡಿ ಬ್ರಷ್ ಹಾಕ್ರಿ. ಬಿಸಿ ನೀರು ಬ್ಯಾಡ, ಲ್ಯಾಕರ್ ಏಳ್ತದ. ಇನ್ನ ಊದುವಾಗ ಕೂಡೋ ನೀರು: ಸ್ವರ ‘ಗುಳು ಗುಳು’ ಅನ್ನೋ ತನಕ ಕಾಯಬ್ಯಾಡ್ರಿ. ಅದಕ್ಕೂ ಮೊದಲೇ ಒಂದು ಹನಿ ಕೂತು ಮ್ಯಾಲಿನ ಸ್ವರ ಒಡೀತಿರ್ತದ, ನಾವು ತುಟಿಗೆ ಬೈಕೋತ ಕೂಡತೀವಿ.

ನಾಲ್ಕನೇ ಕುರ್ಚಿ

ಏಪ್ರಿಲ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಗಾಳಿ 20 ಡಿಗ್ರಿಯಿಂದ 40ಕ್ಕೆ ಏರಿದರೆ ಶಬ್ದದ ವೇಗ ನೂರಕ್ಕೆ ಸುಮಾರು ಮೂರೂವರೆ ಹೆಚ್ಚಾಗುತ್ತದೆ, ಲೆಕ್ಕದ ಪ್ರಕಾರ ಅರ್ಧ ಸ್ವರಕ್ಕೂ ಅರ್ಧ, ಅಂದರೆ 50 ಸೆಂಟ್ ದಾಟುತ್ತದೆ. ವಾದ್ಯದೊಳಗಿನ ಗಾಳಿ ನಮ್ಮ ಉಸಿರಿನಿಂದ ಮೊದಲೇ ಬೆಚ್ಚಗಿರುವುದರಿಂದ ನಿಜವಾದ ಏರಿಕೆ ಅದಕ್ಕಿಂತ ಕಡಿಮೆ. ಮುಖ್ಯ ಸ್ಲೈಡ್ 1 ಸೆಂ.ಮೀ. ಎಳೆದರೆ ಕೊಳವೆ 2 ಸೆಂ.ಮೀ. ಉದ್ದವಾಗುತ್ತದೆ. ಎಫ್ ಕಡೆ ಸುಮಾರು 9 ಸೆಂಟ್ ಇಳಿಯುತ್ತದೆ, ಗಿಡ್ಡ ಕೊಳವೆಯ ಬಿ-ಫ್ಲಾಟ್ ಕಡೆ ಸುಮಾರು 12. ಹಾಗಾಗಿ ಮುಖ್ಯ ಸ್ಲೈಡ್ ಎಳೆದು ಸುಮ್ಮನಾದರೆ ಎರಡು ಕಡೆಗಳ ನಡುವೆಯೇ ಜಗಳ. ಎಫ್ ಸ್ಲೈಡನ್ನೂ ತುಸು ಎಳೆದು, ಮೂರನೇ ಸಂದಿನ ಸಿ ಅನ್ನು ಹೆಬ್ಬೆರಳು ಒತ್ತಿ, ಬಿಟ್ಟು, ಎರಡೂ ಕಡೆ ಒಂದೇ ಆಗುವ ತನಕ ಸರಿಹೊಂದಿಸಿ. ತುಟಿ ಸಡಿಲ ಮಾಡಿ ಶ್ರುತಿ ಇಳಿಸಬೇಡಿ, ಸ್ಲರ್ ಕೆಡುವ ಇನ್ನೊಂದು ದಾರಿ ಅದು.

ಮೌತ್‌ಪೀಸ್: ಹಾರ್ನ್ ಮೌತ್‌ಪೀಸ್‌ನ ಒಳ ಅಗಲ ಸಾಮಾನ್ಯವಾಗಿ 17ರಿಂದ 18 ಮಿ.ಮೀ., ಒಳಗೆ ಲಾಳಿಕೆಯಂತೆ ಆಳ. ಟ್ರಂಪೆಟ್ಟಿನದು ಬಟ್ಟಲು. ಸಣ್ಣದಕ್ಕೆ ಹೋದರೆ ಒಂದು ವಾರ ಎತ್ತರ ಸಿಕ್ಕಂತೆ ಅನ್ನಿಸುತ್ತದೆ, ದನಿ ಸಪುರವಾಗುತ್ತದೆ, ಕೆಳಗಿನ ಸ್ವರ ಕೈಬಿಡುತ್ತವೆ, ಒತ್ತುವ ಚಟ ಹಾಗೇ ಇರುತ್ತದೆ. ಆರು ತಿಂಗಳು ಬದಲಿಸಬೇಡಿ.

ಬಿದ್ರಿಕೊಂಬು, ಬೀದರ್

ಒಂದು ಮಾತಿಗೆ ತಕರಾರು. ಒಳ ಅಗಲ ಬದಲಿಸಬಾರದು, ಒಪ್ಪಿದೆ. ಆದ್ರ ಅಂಚು ಚೂಪಿದ್ದು ತುಟಿ ಕೊರೀತಿದ್ರ, ಇಲ್ಲ ಬೆಳ್ಳಿ ಲೇಪ ಹೋಗಿ ಹಿತ್ತಾಳಿ ಕಾಣ್ತಿದ್ರ, ಆರು ತಿಂಗಳು ಕಾಯೋದು ಬ್ಯಾಡ. ಅದೇ ಅಗಲದ್ದು, ದುಂಡು ಅಂಚಿಂದು ತಗೋಬೇಕು.

ನಾಲ್ಕನೇ ಕುರ್ಚಿ

ಲೇಪ ಹೋಗಿದ್ದರೆ ಸರಿ, ತಕ್ಷಣ ಬದಲಿಸಲಿ. ಅಂಚಿನ ಮಾತು ಎಡಗೈ ಸಡಿಲವಾದ ಮೇಲೆ ನೋಡೋಣ. ಒತ್ತುವವರಿಗೆ ಎಲ್ಲ ಅಂಚೂ ಚೂಪೇ.

ತೊಗರಿಕಣಜ

ಟಪ್ ಪರೀಕ್ಷೆ ಮಾಡಿದೆ ರೀ. 1, 3 ಛಲೋ ಅವ. 2ನೇದು ಸುಮ್ಮನದ, ಗ್ರೀಸ್ ಹಚ್ಚಿದ ಮ್ಯಾಲ ಸಣ್ಣಂಗ ಟಪ್ ಅಂತು. ಗೀರು ನೋಡಿದ್ರ 1ನೇ ವಾಲ್ವ್ ಒತ್ತಿದಾಗ ಜರಾ ದಾಟಿ ನಿಲ್ತದ. ಲೇಪ ಸರಿ ಅದ.

ಶಹಾಪುರದ ಸ್ಕ್ರೂಡ್ರೈವರ್

2ರ ಸ್ಲೈಡ್ ಗಿಡ್ಡ, ಎರಡು ಇಂಚು ಎಳೆದ್ರ ಹೊರಗೇ ಬರ್ತದ. ಅದಕ್ಕ ಅರ್ಧ ಇಂಚು ಎಳೆದು ಮತ್ತೊಮ್ಮೆ ನೋಡ್ರಿ. ಗ್ರೀಸಿಗೆ ಟಪ್ ಅಂದದ ಅಂದ್ರ ರೋಟರ್ ಇನ್ನೂ ಜೀವ ಅದ, ದಪ್ಪ ಗ್ರೀಸೇ ಇರಲಿ. 1ನೇದು ದಾಟಿ ನಿಲ್ಲತದ ಅಂದ್ರ ಒತ್ತಿದಾಗ ತಾಗೋ ಕಡೆಯ ಬಿರಡಿ ಸವೆದದ. ಅದೊಂದೇ ಬದಲಿಸ್ರಿ, ಇನ್ನೊಂದು ಮುಟ್ಟಬ್ಯಾಡ್ರಿ. ಎ ಗೆ 1-2 ಒತ್ತತೀರಲ್ಲ, ಆ ಎರಡೇ ವಾಲ್ವ್ ಕೆಟ್ಟಾವ ನೋಡ್ರಿ. ಬಿರಡಿ ಹಾಕಿದ ದಿನ ಮೊದಲು ಎ-ಫ್ಲಾಟ್ ಊದಿ, ಆಮ್ಯಾಲ ಎ ಊದಿ ಹೇಳ್ರಿ.